ಭಾವನವರ ಸರೋವರ ಹುಡುಕಾಟ

ನಮ್ಮ ಭಾವನವರಷ್ಟು ದೊಡ್ಡ ಮೀನುಬೇಟೆಗಾರರು ಇಡೀ ಲಂಡನ್ನಿನಲ್ಲಿ ಇನ್ನೊಬ್ಬರಿಲ್ಲ ಎಂದು ನಾನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ. ಒಂದೇ ಒಂದು ಕೊರತೆ. ಅವರು ಇದುವರೆಗೆ ಒಂದು ಮೀನನ್ನೂ ಹಿಡಿದವರಲ್ಲ! ಹಿಡಿಯುವುದಿರಲಿ, ತಿಂದವರೂ ಅಲ್ಲ. ಏಕಾದಶಿಯ ದಿನ ಈರುಳ್ಳಿ ಹೆಚ್ಚಿದ ಚಾಕುವನ್ನೂ ಮುಟ್ಟದ ಮನುಷ್ಯ.

ಭಾವ ಎಂದರೆ ನನ್ನ ಯಜಮಾನರ ಅಣ್ಣ. ಧಾರವಾಡದಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ಓದಿ, ಕ್ರೋಯ್ಡನ್ ಕಡೆಯ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಕೊಡುವ ಡಾಕ್ಟರಾಗಿದ್ದರು. ಮದುವೆಯಾಗಿರಲಿಲ್ಲ. ವಾರವೆಲ್ಲಾ ಜನರನ್ನು ಮಲಗಿಸಿ ಮಲಗಿಸಿ, ಶನಿವಾರ ಗ್ರೀನ್‌ಫರ್ಡ್‌ನ ನಮ್ಮ ಮನೆಗೆ ಬಂದರೆಂದರೆ ನಮ್ಮನ್ನು ಮಾತ್ರ ಕಣ್ಣು ಮುಚ್ಚಲು ಬಿಡುತ್ತಿರಲಿಲ್ಲ.

ಹುಚ್ಚು ಹತ್ತಿದ್ದು ತೊಂಬತ್ತರ ದಶಕದ ಮೊದಲಲ್ಲಿ, ಹಲ್ಲಿನ ಡಾಕ್ಟರ ಶಾಪಿನ ಬೆಂಚಿನ ಮೇಲೆ. ಅಲ್ಲಿದ್ದ ಹಳೆಯ ಪತ್ರಿಕೆಯೊಂದರಲ್ಲಿ ವಾಲ್‌ಐ ಎಂಬ ಮೀನಿನ ಚಿತ್ರವಿತ್ತಂತೆ. ಕೆನಡಾದ ತಣ್ಣನೆಯ ಸರೋವರಗಳಲ್ಲಿ ಇರುವ ಮೀನು. ಹೊಂಬಣ್ಣದ ಮೈ, ಮಬ್ಬಿನಲ್ಲೂ ಬೆಕ್ಕಿನ ಕಣ್ಣಿನ ಹಾಗೆ ಹೊಳೆಯುವ ಕಣ್ಣು. ಹಲ್ಲು ಕೀಳಿಸಿಕೊಳ್ಳಲು ಹೋದವರು ಹಲ್ಲನ್ನೂ ಉಳಿಸಿಕೊಂಡು, ಪತ್ರಿಕೆಯನ್ನೂ ಕೋಟಿನೊಳಗೆ ಸೇರಿಸಿಕೊಂಡು ನೇರ ನಮ್ಮ ಮನೆಗೆ ಬಂದರು.

“ನೋಡವಾ, ಏನ್ ಕಣ್ಣು! ಒಮ್ಮೆಯಾದ್ರೂ ಇದನ್ನ ಹಿಡೀಬೇಕು.”

“ಹಿಡಿದು ಏನು ಮಾಡ್ತೀರಿ ಭಾವ? ಹುಳಿಗೆ ಹಾಕಲೇ?”

“ಛೇ ಛೇ! ಹಿಡಿಯೂದು, ಕಣ್ಣಾಗ ಕಣ್ಣಿಟ್ಟು ನೋಡೂದು, ಕ್ಷಮಾ ಕೇಳಿ ನೀರಿಗೆ ಬಿಡೂದು.”

“ಅಷ್ಟು ಮರುಕ ಇದ್ದರೆ ಅದಕ್ಕೂ ಅರಿವಳಿಕೆ ಕೊಟ್ಟೇ ಗಾಳ ಬಿಡಿಸಿ” ಎಂದೆ. ತಮಾಷೆಗೆ ಅಂದ ಮಾತು. ಅವರು ಊಟ ಮುಗಿಯುವವರೆಗೂ ಅದನ್ನೇ ಯೋಚಿಸುತ್ತಾ ಕುಳಿತು, ಕೈ ತೊಳೆಯುವಾಗ “ಡೋಸು ಲೆಕ್ಕ ಹಾಕೂದು ಕಷ್ಟ ಅದ” ಎಂದರು!

ಅಂದಿನಿಂದ ಪ್ರತಿ ಜನವರಿಗೂ ನಮ್ಮ ಊಟದ ಮೇಜಿನ ಮೇಲೆ ಕೆನಡಾ ಹರಡಿಕೊಳ್ಳುತ್ತಿತ್ತು. ಬೇಸಿಗೆಯಲ್ಲಿ ಯಾವ ಸರೋವರಕ್ಕೆ ಹೋಗಬೇಕು ಎಂಬುದೇ ಪ್ರಶ್ನೆ. ನಾನು ಚಪಾತಿಯ ಡಬ್ಬಿಯನ್ನು ಒಂಟಾರಿಯೋದ ಮೇಲಿಟ್ಟರೆ “ಅಲ್ಲೆ ಬ್ಯಾಡವಾ, ಅಲ್ಲೇ ಚಲೋ ಸರೋವರ ಅವ” ಎನ್ನುವರು. ಮ್ಯಾನಿಟೋಬಾದ ಮೇಲೆ ಒಂದು ಹನಿ ಸಾರು ಬಿದ್ದ ವರ್ಷ ಆ ಪ್ರಾಂತ್ಯವನ್ನೇ ಪಟ್ಟಿಯಿಂದ ತೆಗೆದುಹಾಕಿದರು. ಅಪಶಕುನವಂತೆ. ಸಾರು ನನ್ನದು, ಶಕುನ ಕೆನಡಾದ್ದು!

ಹೋಗಲಿ, ಒಂದು ಜಾಗವನ್ನು ಆರಿಸಲು ಯಾಕಿಷ್ಟು ಕಷ್ಟ ಎನ್ನುತ್ತೀರಾ? ನಮ್ಮವರು ಈ ದೇಶದಲ್ಲಿ ರಜೆಗೆ ಹೋಗುವ ಪದ್ಧತಿ ನಿಮಗೆ ಗೊತ್ತಿಲ್ಲವೆಂದು ಕಾಣುತ್ತದೆ. ನಾವು ಊರು ನೋಡಿ ಹೊರಡುವವರಲ್ಲ. ಆ ಊರಿನಲ್ಲಿ ನಮ್ಮವರು ಯಾರಿದ್ದಾರೆ ಎಂದು ನೋಡಿ ಹೊರಡುವವರು. ಇದ್ದರೆ ಅವರ ಮನೆಯಲ್ಲೇ ಇಳಿಯಬೇಕು, ಇಲ್ಲದಿದ್ದರೆ ಅವರಿಗೆ ಸಿಟ್ಟು. ಇಳಿದರೆ, ಆ ಮಡಿಯವರ ಮನೆಯಿಂದ ಗಾಳ ಹಿಡಿದು ಹೊರಡುವುದು ಹೇಗೆ? ಯಾರೂ ಇಲ್ಲದ ಊರನ್ನು ಆರಿಸೋಣವೆಂದರೆ ಅಲ್ಲಿ ಅನ್ನ ಸಾರು ಕೊಡುವವರಿಲ್ಲ. ಮೀನೊಂದೇ ಸಿಗುವ ಊರಿನಲ್ಲಿ ಮೀನು ಹಿಡಿಯಲು ಬಂದ ಸಸ್ಯಾಹಾರಿ ಏನು ತಿನ್ನಬೇಕು?

ಕೆನಡಾಕ್ಕೆ ಮುಂಚೆ ಅಭ್ಯಾಸವಿರಲಿ ಎಂದು ಒಂದು ಬೇಸಿಗೆ ಸ್ಕಾಟ್‌ಲೆಂಡ್ ಗೊತ್ತಾಯಿತು. ದಾರಿಯಲ್ಲಿ ಗ್ಲಾಸ್ಗೋದ ಡಾಕ್ಟರೊಬ್ಬರ ಮನೆಯಲ್ಲಿ ಒಂದು ಕಪ್ ಚಹಾಕ್ಕೆಂದು ನಿಂತೆವು. ಅವರು ಹುಬ್ಬಳ್ಳಿಯಲ್ಲಿ ಭಾವನವರ ಜೊತೆ ಓದಿದವರು. ಚಹಾ ಮುಗಿದದ್ದು ನಾಲ್ಕನೆಯ ದಿನ, ರಜೆಯೂ ಅಂದೇ ಮುಗಿಯಿತು! ಮೊದಲ ದಿನ ಊಟ, ಎರಡನೆಯ ದಿನ ಊರು ನೋಡುವುದು, ಮೂರನೆಯ ದಿನ ಸತ್ಯನಾರಾಯಣ ಪೂಜೆ. ಭಾವನವರು ರೇಷ್ಮೆ ಮಡಿಯುಟ್ಟು ಪ್ರಸಾದ ಹಂಚುತ್ತಿದ್ದಾಗ, ಗಾಳದ ಕೋಲುಗಳು ಕಾರಿನ ಡಿಕ್ಕಿಯಲ್ಲಿ ನನ್ನ ಟವೆಲ್ ಹೊದ್ದು ಅಡಗಿದ್ದವು. “ಡಿಕ್ಕಿಯಲ್ಲಿ ಅದೇನ್ರಿ ಉದ್ದಕ್ಕೆ?” ಎಂದು ಆ ಮನೆಯಾಕೆ ಕೇಳಿದಾಗ ಭಾವನವರು ಕಣ್ಣು ಮಿಟುಕಿಸದೆ “ಪರದೆ ಕಟ್ಟೋ ಕೋಲು” ಎಂದುಬಿಟ್ಟರು. ನಾವು ಹೊರಡುವಾಗ ಆಕೆ ನನಗೆ ಒಂದು ಜೊತೆ ಪರದೆ ಉಡುಗೊರೆ ಕೊಟ್ಟರು.

ನಮ್ಮ ಹಿತ್ತಲಿನಲ್ಲಿ ಗಾಳ ಬೀಸುವ ಸಾಧನೆಯೂ ನಡೆಯುತ್ತಿತ್ತು. ಮೊದಲ ಬೀಸಿಗೇ ಪಕ್ಕದ ಮನೆಯ ಇಂಗ್ಲಿಷ್ ಅಜ್ಜಿ ಒಣಹಾಕಿದ್ದ ಮೇಜಿನ ಬಟ್ಟೆ ಸಿಕ್ಕಿಬಿತ್ತು. ಅಂದಿನಿಂದ ಆಕೆ ಬೇಲಿಯ ಮೇಲಿಂದ ಇಣುಕಿ, “ಡಾಕ್ಟರೇ, ಇವತ್ತು ದಿಂಬಿನ ಚೀಲ ಹಾಕಿದ್ದೇನೆ. ಚಿಕ್ಕದಿದ್ದರೆ ವಾಪಸು ಬಿಟ್ಟುಬಿಡಿ” ಎನ್ನುತ್ತಿದ್ದಳು.

ಇಷ್ಟೆಲ್ಲಾ ನಡೆಯುವಾಗ ನಮ್ಮ ಯಜಮಾನರು ಏನು ಮಾಡುತ್ತಿದ್ದರು? ಸೋಫಾದಲ್ಲಿ ಕೂತು ಪೇಪರ್ ಓದುತ್ತಿದ್ದರು. ಅಣ್ಣನ ಎದುರು ತಮ್ಮ ಮಾತಾಡುವ ರೂಢಿ ಅವರ ಮನೆಯಲ್ಲಿಲ್ಲ. ಒಂದೇ ಕೋಣೆಯಲ್ಲಿದ್ದರೂ “ಅವಂಗ ಜೂನ್ ಆಗ್ತದೋ ಜುಲೈ ಆಗ್ತದೋ ಕೇಳು” ಎಂದು ಭಾವ ನನಗೆ ಹೇಳುವುದು, “ಜುಲೈ ಅನ್ನು” ಎಂದು ಇವರು ನನಗೆ ಹೇಳುವುದು. ಮೈಸೂರಿನಿಂದ ಮದುವೆಯಾಗಿ ಬಂದ ನನಗೆ ಮೊದಮೊದಲು ಇದು ವಿಚಿತ್ರವೆನಿಸಿ, ಆಮೇಲೆ ಅಭ್ಯಾಸವಾಗಿ, ಕೊನೆಗೆ ಹೆಮ್ಮೆಯೇ ಆಗಿಬಿಟ್ಟಿತ್ತು. ಇಬ್ಬರಿಗೂ ನಾನೇ ಟೆಲಿಫೋನು!

ಕಡೆಗೂ ಒಂದು ವರ್ಷ ಸರೋವರ ಗೊತ್ತಾಯಿತು. ಒಂಟಾರಿಯೋದ ಉತ್ತರಕ್ಕೆ, ನಮ್ಮವರೊಬ್ಬರೂ ಇಲ್ಲದ ಜಾಗ. ಸ್ವತಃ ಅಡುಗೆ ಮಾಡಿಕೊಳ್ಳಲು ಒಲೆಯಿರುವ ಮರದ ಮನೆ, ಬಾಡಿಗೆ ದೋಣಿ. ಅಣ್ಣತಮ್ಮಂದಿರು ಇಬ್ಬರೇ ಹೋಗುವುದು. “ಅವಾ ಬಂದ್ರ ಮಾತ್ರ ನಾ ಹೋಗಾಂವ” ಎಂದರು ಭಾವ. “ಒಬ್ಬನೇ ಹಿಡಿದ್ರ, ಹಿಡಿದೆ ಅಂತ ನಂಬೋರು ಯಾರು?” ಹೇಸ್‌ನಲ್ಲಿದ್ದ ಗೋದಾಮಿನ ಆಫೀಸಿನಲ್ಲಿ ನಮ್ಮವರಿಗೆ ಜುಲೈನಲ್ಲಿ ಹದಿನೈದು ದಿನ ರಜೆಯೂ ಸಿಕ್ಕಿತು. ಆ ಸುದ್ದಿಯನ್ನು ಕ್ರೋಯ್ಡನ್ನಿಗೆ ಫೋನು ಮಾಡಿ ತಿಳಿಸುವುದು ನನ್ನ ಕೆಲಸ.

ಅದೇ ವಾರ, ಎಂಟು ವರ್ಷ ಕಾದ ಮೇಲೆ, ನನ್ನ ಅಡುಗೆಮನೆ ಹೊಸದು ಮಾಡುವ ಬಡಗಿ ತಾರೀಖು ಕೊಟ್ಟ. ಜುಲೈ! ಗೋಡೆ ಒಡೆದ ಮನೆಯಲ್ಲಿ ಗುರುತಿಲ್ಲದ ಕೆಲಸಗಾರರ ನಡುವೆ ನಾನೊಬ್ಬಳೇ ಹದಿನೈದು ದಿನ ಇರಬೇಕೆ? ಕೆನಡಾದ ಮೀನು ಎಲ್ಲಿಗೆ ಹೋಗುತ್ತದೆ, ಮುಂದಿನ ವರ್ಷವೂ ಅಲ್ಲೇ ಇರುತ್ತದಲ್ಲ ಎಂದುಕೊಂಡೆ. ಭಾವನಿಗೆ ಫೋನು ಮಾಡಿ “ಇವರಿಗೆ ರಜೆ ಕೊಡಲಿಲ್ಲವಂತೆ” ಎಂದೆ. ಇವರಿಗೆ “ಭಾವನಿಗೆ ಆಸ್ಪತ್ರೆಯಲ್ಲಿ ಡ್ಯೂಟಿ ಬಿತ್ತಂತೆ” ಎಂದೆ. ಅವರು “ಹೌದೇನು, ಇರಲಿ ಬಿಡವಾ” ಎಂದರು. ಇವರು “ಆತು” ಎಂದರು. ಒಬ್ಬರನ್ನೊಬ್ಬರು ಕೇಳುವವರಲ್ಲ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಮರುವರ್ಷ ಜನವರಿಯಲ್ಲಿ ಭಾವನವರು ನಕ್ಷೆಯಿಲ್ಲದೆ ಬರಿಗೈಯಲ್ಲಿ ಬಂದರು. ಅದರ ಮರುವರ್ಷವೂ. ಊಟದ ಮೇಜು ಖಾಲಿಯಾಗಿಯೇ ಉಳಿಯಿತು. ಹುಚ್ಚು ಬಿಟ್ಟಿತು ಎಂದು ನಾನು ಕನ್ನಡದವರು ಸೇರಿದಲ್ಲೆಲ್ಲಾ ಈ ಕಥೆ ಹೇಳಿ ಜನರನ್ನು ನಗಿಸಿದೆ. ಪರದೆಯ ಕೋಲಿನ ಭಾಗಕ್ಕಂತೂ ಬಹಳ ಬೇಡಿಕೆಯಿತ್ತು.

ಆರು ವರ್ಷ ಕಳೆದ ಮೇಲೆ ಭಾವನವರ ಹೃದಯ ಕೈಕೊಟ್ಟಿತು. ಆಪರೇಷನ್ ಮಾಡುತ್ತೇವೆ, ಆದರೆ ಇನ್ನು ವಿಮಾನ, ದೂರಪ್ರಯಾಣ ಯಾವುದೂ ಇಲ್ಲ ಎಂದರು ಡಾಕ್ಟರು. ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನ ನೋಡಲು ಹೋದೆವು. ಯಜಮಾನರು ಕಾರು ನಿಲ್ಲಿಸಲು ಜಾಗ ಹುಡುಕುತ್ತಾ ಕೆಳಗೇ ಉಳಿದರು. ನಾನು ಹಾಸಿಗೆಯ ಪಕ್ಕ ಕೂತು ಕಿತ್ತಳೆ ಸುಲಿಯುತ್ತಿದ್ದೆ.

“ಖರೇ ಹೇಳ್ತೀನವಾ,” ಎಂದರು ಭಾವ, “ತಮ್ಮನನ್ನ ಭಾಳ ವರ್ಷ ಸುಮ್ಮಸುಮ್ಮನ ಕಾಡಿದೆ. ಪಾಪ, ಅವಂಗ ನನ್ನ ಜೋಡಿ ಬರೋ ಮನಸ್ಸಿರಲಿಲ್ಲ. ಒಲ್ಲೆ ಅನ್ನಲಿಕ್ಕೆ ಬಾಯಿ ಬರಲಿಲ್ಲ, ರಜಾ ಇಲ್ಲ ಅಂತ ಹೇಳಿಸಿದ. ಅದಕ್ಕ ಆಮ್ಯಾಲೆ ನಾ ಆ ಮಾತು ತಗೀಲಿಲ್ಲ.”

ಸುಲಿಯುತ್ತಿದ್ದ ಹಣ್ಣನ್ನು ಕೆಳಗಿಟ್ಟೆ.

“ಭಾವ, ರಜೆ ಸಿಕ್ಕಿತ್ತು. ಸುಳ್ಳು ಹೇಳಿದವಳು ನಾನು. ಅಡುಗೆಮನೆ ಕೆಲಸಕ್ಕೋಸ್ಕರ.”

ಬೈಯುತ್ತಾರೆ ಎಂದು ತಲೆ ತಗ್ಗಿಸಿದೆ. ಬೈದಿದ್ದರೆ ಚೆನ್ನಾಗಿತ್ತು. ಅವರು ದಿಂಬಿನಿಂದ ಅರ್ಧ ಎದ್ದು, “ಅಂದ್ರ ಬರ್ತೀನಿ ಅಂದಿದ್ದನೇನು ಅವಾ?” ಎಂದು ಕೇಳಿದರು.

“ಅಂದಿದ್ದರು. ಹೊಸ ಬೂಟು ತಂದು, ಕಾಲಿಗೆ ಒಗ್ಗಲಿ ಅಂತ ದಿನಾ ಸಂಜೆ ಹಿತ್ತಲಲ್ಲಿ ಹಾಕಿಕೊಂಡು ತಿರುಗ್ತಿದ್ದರು.”

ಅಷ್ಟರಲ್ಲಿ ಯಜಮಾನರು ಒಳಗೆ ಬಂದು, ಎಂದಿನಂತೆ ಹಾಸಿಗೆಯಿಂದ ಎರಡು ಮಾರು ದೂರ ನಿಂತರು. ಭಾವನವರು ನನ್ನ ಕಡೆ ತಿರುಗಲಿಲ್ಲ.

“ಬರಾಂವ ಇದ್ದಿಯೇನೋ ನೀ?”

ಇವರು ರೂಢಿಯಂತೆ ನನ್ನ ಮುಖ ನೋಡಿದರು. ನಾನು ಕಿಟಕಿಯ ಕಡೆ ನೋಡಿದೆ.

“ಹೂಂ, ಬರಾಂವ ಇದ್ದೆ, ಅಣ್ಣಾ” ಎಂದರು. “ದೋಣಿ ನಾನೇ ನಡಸಬೇಕಂತ ಮಾಡಿದ್ದೆ.”

“ನಿನಗ ಈಸಲಿಕ್ಕೆ ಬರೂದಿಲ್ಲಲ್ಲೋ!”

“ನಿನಗೂ ಬರೂದಿಲ್ಲ.”

ಭಾವನವರು ನಕ್ಕರು. ಇವರೂ ನಕ್ಕರು. ನಗುತ್ತಲೇ ಇವರು ಹೋಗಿ ಹಾಸಿಗೆಯ ಅಂಚಿನಲ್ಲಿ ಅಣ್ಣನ ಕಾಲ ಬಳಿ ಕುಳಿತರು. ಆಮೇಲೆ ಇಬ್ಬರೂ ತುಂಬ ಹೊತ್ತು ಮಾತಾಡಿದರು. ಮೆಲ್ಲಗೆ ಆಡುತ್ತಿದ್ದುದರಿಂದ ನನಗೆ ಏನೂ ಕೇಳಿಸಲಿಲ್ಲ.