ಎರಡು ನಿಂಬೆಹಣ್ಣಿನ ಹಡಗು

ಸಮುದ್ರ ನೋಡದವನು ಹಡಗು ಕಟ್ಟಬಾರದು ಎಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ಬರೆದಿದ್ದರೆ ನಮ್ಮ ಅತ್ತೆಯವರು ಅದನ್ನು ನನಗೆ ಹೇಳದೆ ಬಿಡುತ್ತಿರಲಿಲ್ಲ. ಕಂಡ ವಸ್ತುವಿಗಿಂತ ಕಾಣದ ವಸ್ತುವಿನ ವಿಷಯದಲ್ಲೇ ಮನುಷ್ಯನಿಗೆ ಧೈರ್ಯ ಹೆಚ್ಚು. ನಾನು ಸರ್ಕಾರಿ ಕಚೇರಿಯೊಂದರಲ್ಲಿ ಮೋರಿ, ಸೇತುವೆಗಳ ನಕ್ಷೆ ಬರೆಯುತ್ತಿದ್ದ ಡ್ರಾಫ್ಟ್ಸ್‌ಮನ್. ಮೋರಿಗಳನ್ನು ದಿನವೂ ದಾಟಿ ಹೋಗುತ್ತಿದ್ದರಿಂದಲೋ ಏನೋ, ಸಣ್ಣದೊಂದು ಮೋರಿಯ ನಕ್ಷೆ ಬರೆಯುವಾಗಲೂ ಕೈ ಅಳುಕುತ್ತಿತ್ತು. ಹಡಗಿನ ವಿಷಯದಲ್ಲಿ ಆ ಅಳುಕು ಒಂದಿಷ್ಟೂ ಇರಲಿಲ್ಲ. ಈ ವಯಸ್ಸಿನಲ್ಲಿ ಸಂಕೋಚವೇಕೆ, ಹೇಳಿಯೇ ಬಿಡುತ್ತೇನೆ: ಇಷ್ಟು ವರ್ಷ ಬದುಕಿ ನಾನು ಮಾಡಿದ ಕೆಲಸಗಳಲ್ಲಿ ನನಗೆ ಎದೆಯುಬ್ಬುವಷ್ಟು ಹೆಮ್ಮೆ ಇರುವುದು ಆ ಹಡಗಿನ ಬಗ್ಗೆ. ಮೋರಿಗಳ ಬಗ್ಗೆ ದಯವಿಟ್ಟು ಯಾರೂ ಕೇಳಬೇಡಿ.

ಆಗ ಜಯನಗರ ಇನ್ನೂ ಹೊಸದು. ಬಸವನಗುಡಿಯ ನೆಂಟರು ನಮ್ಮ ಮನೆಗೆ ಬರುವಾಗ ಪರಊರಿಗೆ ಹೊರಟವರಂತೆ ಪುಳಿಯೋಗರೆ, ಮೊಸರನ್ನ ಎರಡನ್ನೂ ಕಟ್ಟಿಕೊಂಡು ಬರುತ್ತಿದ್ದರು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ, ಬರೀ ಮೊಸರನ್ನ ತರುತ್ತಿದ್ದರು. ನಮ್ಮ ಬೀದಿಯಲ್ಲಿ ನಾಲ್ಕಾರು ಮನೆ, ಮಿಕ್ಕಿದ್ದೆಲ್ಲ ಕಲ್ಲು ನೆಟ್ಟ ಖಾಲಿ ಸೈಟು. ಎದುರುಮನೆಯ ಶ್ರೀಕಂಠಯ್ಯನವರು ಬೀದಿಗೆಲ್ಲ ಒಂದೇ ಒಂದಾಗಿದ್ದ ಕಾರಿನ ಒಡೆಯರು. ಆ ಕಾರು ಇವರ ಕೈ ಸೇರುವ ಮೊದಲು ಹಲವು ಯಜಮಾನರನ್ನು ಕಂಡಿತ್ತು, ಅದಕ್ಕೆ ರಿವರ್ಸ್ ಗೇರು ಬೀಳುತ್ತಿರಲಿಲ್ಲ. ಸಂಜೆ ಮೂತಿ ಮುಂದಾಗಿ ಗೇಟಿನೊಳಗೆ ಹೋದ ಕಾರನ್ನು ಬೆಳಿಗ್ಗೆ ಬೀದಿಯ ಗಂಡಸರೆಲ್ಲ ಸೇರಿ ಹಿಂದಕ್ಕೆ ತಳ್ಳಿ ಆಚೆಗೆ ತರಬೇಕು. ಬೆವರು ನಮ್ಮದು, ಕಾರು ಅವರದು. ಆಯುಧಪೂಜೆಯ ದಿನ ಅದಕ್ಕೆ ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕಿ, ಚಕ್ರಕ್ಕೊಂದು ನಿಂಬೆಹಣ್ಣು ಇಟ್ಟು ಅವರು ಮಂಗಳಾರತಿ ಎತ್ತುವಾಗ ನನ್ನ ಹೆಂಡತಿ ಶಾರದೆ ಕಿಟಕಿಯ ಹತ್ತಿರ ನಿಂತು ನೋಡುತ್ತಿದ್ದಳು. ನಮ್ಮ ಮನೆಯಲ್ಲಿ ಪೂಜೆಗೆ ಇದ್ದದ್ದು ಈಳಿಗೆಮಣೆ, ಕತ್ತರಿ, ಹೊಲಿಗೆ ಮೆಷಿನ್ನು ಮತ್ತು ನಕ್ಷೆಯ ಗೆರೆ ಎಳೆಯುವ ನನ್ನ ಟಿ-ಸ್ಕ್ವೇರು. ಟಿ-ಸ್ಕ್ವೇರಿಗೆ ಹಾರ ಹಾಕಿದರೆ ನಿಲ್ಲುವುದಿಲ್ಲ, ಜಾರಿ ಬೀಳುತ್ತದೆ.

ಹಡಗು ನನ್ನ ತಲೆಗೆ ಹೊಕ್ಕಿದ್ದು ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಿಂದ. ಯಾವುದೋ ಪರದೇಶದ ಮಾಸಪತ್ರಿಕೆ, ಅದರ ನಡುವೆ ಮಡಚಿಟ್ಟ ಒಂದು ನಕ್ಷೆ. ಶತಮಾನಗಳ ಹಿಂದೆ ನಮ್ಮ ಕರಾವಳಿಗೆ ಮೆಣಸು ಒಯ್ಯಲು ಬರುತ್ತಿದ್ದ ಮೂರು ಕಂಬದ ಹಾಯಿಹಡಗು. ಅದರ ಪಕ್ಕನೋಟ, ಮೇಲ್ನೋಟ, ಅಡ್ಡಕೊಯ್ತ, ಎಲ್ಲವೂ ಎಷ್ಟು ಶುದ್ಧವಾಗಿ ಬರೆದಿತ್ತೆಂದರೆ ನನ್ನೊಳಗಿನ ಡ್ರಾಫ್ಟ್ಸ್‌ಮನ್ ಅಲ್ಲೇ ರಸ್ತೆಬದಿಯಲ್ಲೇ ಕೈಮುಗಿದ. ನಿಜವಾದ ಹಡಗಿನ ಒಂದು ಅಡಿಗೆ ಕಾಲಂಗುಲದ ಲೆಕ್ಕದಲ್ಲಿ ಅದನ್ನು ಮರದಲ್ಲಿ ಕಟ್ಟಬಹುದು ಎಂದು ಕೆಳಗೆ ಬರೆದಿದ್ದರು. ಎಷ್ಟು ಕಾಲ ಹಿಡಿಯುತ್ತದೆ ಎಂದು ಬರೆದಿರಲಿಲ್ಲ. ಬರೆದಿದ್ದರೆ ಶಾರದೆ ಅದನ್ನು ಒಲೆಗೆ ಹಾಕುತ್ತಿದ್ದಳು.

ಚನ್ನಪಟ್ಟಣದಲ್ಲಿ ಆಟಿಕೆ ಮಾಡುವ ಹಾಲೆಮರವನ್ನು ಗೆಳೆಯನೊಬ್ಬನಿಂದ ತರಿಸಿದೆ. ಬೆನ್ನೆಲುಬಿನಂಥ ಒಂದು ಉದ್ದನೆಯ ಮರ, ಅದಕ್ಕೆ ಪಕ್ಕೆಲುಬುಗಳು, ಅದರ ಮೇಲೆ ತೆಳ್ಳನೆಯ ಪಟ್ಟಿಗಳು. ಪಟ್ಟಿಗಳು ಬಾಗಬೇಕಾದರೆ ಹಬೆಯಲ್ಲಿ ಬೇಯಬೇಕು. ಮನೆಯಲ್ಲಿ ಹಬೆ ಇರುವುದು ಇಡ್ಲಿ ಪಾತ್ರೆಯಲ್ಲಿ. ಹಾಗಾಗಿ ಭಾನುವಾರಗಳಲ್ಲಿ ನಮ್ಮ ಮನೆಯ ಇಡ್ಲಿಗೆ ಒಂದು ಬಗೆಯ ಹಾಲೆಮರದ ಪರಿಮಳ ಬರತೊಡಗಿತು. ನನಗೆ ಹಿಡಿಸಿತು, ಮಿಕ್ಕವರ ವಿಷಯ ಬೇರೆ. ಹಗ್ಗ ಹಾಯುವ ರಾಟೆಗಳನ್ನು ಉದ್ದಿನಬೇಳೆಯ ಗಾತ್ರಕ್ಕೆ ಕೆತ್ತಿ ತೂತು ಕೊರೆದಿದ್ದೆ. ಒಂದು ದಿನ ಹುರುಳಿಕಾಯಿ ಪಲ್ಯದ ಒಗ್ಗರಣೆಯಲ್ಲಿ ಅಂಥದೊಂದು ರಾಟೆ ಹಲ್ಲಿಗೆ ಸಿಕ್ಕಿತು. ಉದ್ದಿನಬೇಳೆಯಿಂದ ಅದನ್ನು ಬೇರೆ ಎಂದು ಗುರುತಿಸಲು ಶಾರದೆಗೂ ಆಗಿರಲಿಲ್ಲವಲ್ಲ ಎಂದು ನನಗೆ ಆನಂದವಾಯಿತು. ಬಡಗಿಗಳು ಕುದಿಸಿ ಹಚ್ಚುವ ಅಂಟು ಚರ್ಮದಿಂದ ಮಾಡಿದ್ದು ಎಂದು ಶಾರದೆಗೆ ತಿಳಿದ ದಿನ ಮಾತ್ರ ನನ್ನ ಕಾರ್ಖಾನೆ ಹಿತ್ತಿಲಿನ ಮೂರು ಇಟ್ಟಿಗೆಯ ಒಲೆಗೆ ವರ್ಗವಾಯಿತು. ನನ್ನ ಹಳೆಯ ಪಂಚೆಯನ್ನು ಕಾಫಿ ಡಿಕಾಕ್ಷನ್ನಿನಲ್ಲಿ ಅದ್ದಿ, ಗಂಜಿ ಹಾಕಿ, ಬಾಣಲೆಯ ಬೆನ್ನಿನ ಮೇಲೆ ಒಣಗಿಸಿದೆ. ಎಂಥ ಹಾಯಿಗಳು! ತುಂಬು ಗಾಳಿಗೆ ಉಬ್ಬಿದಂತೆ ಒಂದೊಂದೂ ಮುಂದಕ್ಕೆ ಬಾಗಿ ನಿಂತವು. ಕಂಬಗಳ ತುದಿಯಲ್ಲಿ ಕೆಂಪು ರೇಷ್ಮೆಯ ಬಾವುಟಗಳು. ಬಾವುಟ ಹಾರುವ ರೀತಿಯನ್ನು ನಾನು ಮಂತ್ರಿಗಳ ಕಾರು ಹೋಗುವಾಗ ಕಣ್ಣಾರೆ ನೋಡಿ ಕಲಿತಿದ್ದೆ. ಬಾಲವನ್ನು ಹಿಂದಕ್ಕೆ ಚಾಚಿ ಪಟಪಟನೆ ಹಾರುವಂತೆ ಅವನ್ನೂ ಗಂಜಿಯಲ್ಲಿ ನಿಲ್ಲಿಸಿದೆ.

ಹಡಗು ಮುಗಿಯಿತು. ಇಡುವುದೆಲ್ಲಿ? ನಮ್ಮದು ಎರಡು ಕೋಣೆಯ ಮನೆ, ಇದ್ದ ಒಂದೇ ಮೇಜನ್ನು ಅದು ಎಂದೋ ಆಕ್ರಮಿಸಿತ್ತು. ಶಾರದೆ ಅದನ್ನು ಹಡಗು ಎಂದು ಒಮ್ಮೆಯೂ ಕರೆದವಳಲ್ಲ, ಬರೀ 'ಅದು' ಎನ್ನುತ್ತಿದ್ದಳು.

"ಅದನ್ನ ಅಟ್ಟಕ್ಕೆ ಹಾಕಿ ಅಂದ್ರೆ," ಎಂದಳು.

"ಅಟ್ಟದಲ್ಲಿ ಇಲಿ ಇದೆ ಕಣೇ. ಒಂದೇ ವಾರಕ್ಕೆ ಹಾಯಿ, ಹಗ್ಗ ಎಲ್ಲ ತಿಂದು ಮುಗಿಸುತ್ತೆ. ದಸರಾ ಬಂತಲ್ಲ, ಗೊಂಬೆ ಜೊತೆ ಕೂರಿಸೋಣ. ಒಂದು ಸಲ ಮೆಟ್ಟಿಲು ಹತ್ತಿದ್ದನ್ನ ಯಾರೂ ಅಟ್ಟಕ್ಕೆ ಎಸೆಯಲ್ಲ."

"ಗೊಂಬೆ ವಿಷಯ ನಾನು ಹೇಳೋಳಲ್ಲ. ಅಮ್ಮ ಬರ್ತಾಳೆ, ಅವಳನ್ನೇ ಕೇಳಿ."

ಪಟ್ಟದ ಗೊಂಬೆಗಳು ಶಾರದೆಯ ಜೊತೆ ತವರಿನಿಂದ ಬಂದವು. ಅವುಗಳ ಜೊತೆ ಅಧಿಕಾರ ಬಂದಿರಲಿಲ್ಲ. ಪ್ರತಿವರ್ಷ ಅತ್ತೆಯವರೇ ಮೈಸೂರಿನಿಂದ ಬಂದು ಮೆಟ್ಟಿಲು ಕಟ್ಟಿಸಿ, ಯಾವ ಗೊಂಬೆ ಎಲ್ಲಿ ಎಂದು ತೀರ್ಮಾನಿಸಬೇಕು. ಆ ವರ್ಷವೂ ಬಂದರು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಶಾಲಾ ಇನ್ಸ್‌ಪೆಕ್ಟರರಂತೆ ಹಡಗಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಬಡ್ತಿಗಾಗಿ ಸಾಹೇಬರ ಮುಂದೆ ನಿಂತಾಗಲೂ ಅಷ್ಟು ಹೆದರಿರಲಿಲ್ಲ.

"ಇದಕ್ಕೆ ಕಣ್ಣು ಮೂಗು ಎಲ್ಲಿದೆ?" ಎಂದರು ಅತ್ತೆ.

"ಹಡಗಿಗೆ ಕಣ್ಣು ಮೂಗು ಇರಲ್ಲ ಅತ್ತೆ."

"ಹಾಗಾದ್ರೆ ಇದು ಗೊಂಬೆ ಅಲ್ಲ. ಮೆಟ್ಟಿಲ ಮೇಲೆ ಇಡೋ ಹಾಗಿಲ್ಲ."

"ಶೆಟ್ಟರ ಅಂಗಡಿ ಇಡ್ತೀರಲ್ಲ? ಅಂಗಡಿಗೆ ಮೂಗಿದೆಯಾ?"

"ಅಂಗಡೀಲಿ ಶೆಟ್ಟಿ ಕೂತಿದಾನೆ, ಪಕ್ಕದಲ್ಲಿ ಅವನ ಹೆಂಡತಿ ಕೂತಿದಾಳೆ. ನಿಮ್ಮ ಹಡಗಲ್ಲಿ ಯಾರಿದಾರೆ?"

ಯಾರೂ ಇರಲಿಲ್ಲ. ಉದ್ದಿನಬೇಳೆಯಷ್ಟು ರಾಟೆ ಕೊರೆದ ನನಗೆ ಒಬ್ಬ ನಾವಿಕನನ್ನು ಕೆತ್ತಬೇಕೆಂದು ಹೊಳೆದೇ ಇರಲಿಲ್ಲ. ಅತ್ತೆಯವರು ತೀರ್ಪು ಕೊಟ್ಟರು: ಹಬ್ಬ ಮುಗಿಯುವವರೆಗೆ ಮೂಲೆಯ ಹೊಲಿಗೆ ಮೆಷಿನ್ನಿನ ಮೇಲೆ ಇರಲಿ, ಆಮೇಲೆ ಗೊಂಬೆ ಪೆಟ್ಟಿಗೆಯ ಜೊತೆ ಅಟ್ಟಕ್ಕೆ. ಅಂದರೆ ಗೊಂಬೆಗಳಿಗೆ ಪೆಟ್ಟಿಗೆ, ಹಡಗಿಗೆ ಇಲಿ. ಅಂದು ನಾನು ಸರಿಯಾಗಿ ಊಟ ಮಾಡಲಿಲ್ಲ. ಯಾರೂ ಗಮನಿಸಲಿಲ್ಲವಾದ್ದರಿಂದ ಆಮೇಲೆ ಎದ್ದುಹೋಗಿ ಎರಡು ಚಕ್ಕುಲಿ ತಿಂದೆ.

ಸಂಜೆಗಳಲ್ಲಿ ಹೆಂಗಸರು ಅರಿಶಿನ ಕುಂಕುಮಕ್ಕೆ ಬರುತ್ತಿದ್ದರು. ಆ ಹೊತ್ತಿನಲ್ಲಿ ಮನೆಯ ಗಂಡಸು ಕಣ್ಣಿಗೆ ಬೀಳಬಾರದು, ಹಾಗಾಗಿ ನಾನು ಒಳಕೋಣೆಯಲ್ಲಿ ಬಾಗಿಲಿಗೆ ಕಿವಿ ಇಟ್ಟು ಕೂತಿರುತ್ತಿದ್ದೆ. ಅವರು ಗೊಂಬೆಗಳ ಮುಂದೆ ಹಾಡು ಹೇಳಿ, ಕೋಸಂಬರಿ ತೆಗೆದುಕೊಂಡು, ಏಳುವ ಹೊತ್ತಿಗೆ ತಪ್ಪದೆ ಒಂದು ಮಾತು ಕೇಳುತ್ತಿದ್ದರು: "ಆ ಮೂಲೇಲಿ ಏನ್ರೀ ಅದು?" ಆಮೇಲೆ ಅರ್ಧ ಗಂಟೆ ಯಾರೂ ಏಳುತ್ತಿರಲಿಲ್ಲ. ಒಂದು ಸಂಜೆ ಶ್ರೀಕಂಠಯ್ಯನವರ ಹೆಂಡತಿ, "ಎಷ್ಟು ಚೆನ್ನಾಗಿದೆ! ಎಲ್ಲಿ ಕೊಂಡ್ರಿ?" ಎಂದರು.

"ಕೊಂಡಿದ್ದಲ್ಲ ರೀ," ಎಂದಿತು ಶಾರದೆಯ ಧ್ವನಿ, "ನಮ್ಮನೆಯವರು ಮಾಡಿದ್ದು. ಹಡಗು. ಒಂದೊಂದು ಪಟ್ಟೀನೂ ನಮ್ಮ ಇಡ್ಲಿ ಪಾತ್ರೇಲೇ ಬೇಯಿಸಿದ್ದು!"

ನಾನು ಕತ್ತಲೆಯಲ್ಲಿ ಒಬ್ಬನೇ ನಗುತ್ತಾ ಕೂತಿದ್ದೆ. 'ಹಡಗು' ಎಂದಿದ್ದಳು! ಪದಕ ಕೊಟ್ಟಿದ್ದರೂ ನನಗೆ ಅಷ್ಟು ಸಂತೋಷವಾಗುತ್ತಿರಲಿಲ್ಲ. ಆದರೆ ಅತ್ತೆಯವರ ಧ್ವನಿ ಮಾತ್ರ ಕೇಳಲಿಲ್ಲ. ಅಟ್ಟ ಹತ್ತಿರವಾಗುತ್ತಲೇ ಇತ್ತು.

ಆಯುಧಪೂಜೆಯ ಬೆಳಿಗ್ಗೆ ಎದುರುಮನೆಯ ಕಾರನ್ನು ತಳ್ಳಿ ಬೀದಿಗೆ ತಂದುಕೊಟ್ಟು ಬಂದೆ. ಅವರು ಅದಕ್ಕೆ ನೀರು ಹೊಯ್ಯುತ್ತಿದ್ದರು. ಇತ್ತ ಈಳಿಗೆಮಣೆ, ಕತ್ತರಿಗಳ ಪೂಜೆ ಮುಗಿಸಿದ ಅತ್ತೆ ತಟ್ಟೆ ಹಿಡಿದುಕೊಂಡು ಹೊಲಿಗೆ ಮೆಷಿನ್ನಿನ ಹತ್ತಿರ ಬಂದರು. ಮೆಷಿನ್ನಿಗೆ ಕುಂಕುಮ ಇಟ್ಟವರು ತಲೆಯೆತ್ತಿ ಹಡಗನ್ನು ನೋಡಿದರು.

"ಅಳಿಯಂದಿರೇ, ಇದು ಗೊಂಬೆ ಅಲ್ಲ ಅಂದೆ. ಅದು ನಿಜ. ಆದ್ರೆ ವಾಹನ ಹೌದೋ ಅಲ್ಲವೋ?"

"ಹೌದು ಅತ್ತೆ," ಎಂದೆ.

"ಮತ್ತೆ ಸುಮ್ಮನೆ ನಿಂತಿದೀರಲ್ಲ? ಹೋಗಿ ಹೂವು, ನಿಂಬೆಹಣ್ಣು ತನ್ನಿ."

ನಾನು ಓಡಿದೆ. ಶಾರದೆ ಪುಟ್ಟ ಸೇವಂತಿಗೆಗಳ ಹಾರ ಮಾಡಿ ನಡುಗಂಬಕ್ಕೆ ಹಾಕಿದಳು. ನನ್ನ ಡಿಕಾಕ್ಷನ್ ಬಣ್ಣದ ಹಾಯಿಯ ಮೇಲೆ ಅತ್ತೆ ಧಾರಾಳವಾಗಿ ಕುಂಕುಮ ಬಳಿದರು. ಬೇರೆ ಯಾರಾದರೂ ಮುಟ್ಟಿದ್ದರೆ ಜಗಳವೇ ಆಗುತ್ತಿತ್ತು, ಆಗ ಮಾತ್ರ ಇನ್ನಷ್ಟು ಬಳಿಯಲಿ ಎನ್ನಿಸಿತು. ಚಕ್ರವಿಲ್ಲದ ವಾಹನಕ್ಕೆ ನಿಂಬೆಹಣ್ಣನ್ನು ಮುಂದುಗಡೆ ಇಟ್ಟರೆ ಸಾಕು ಎಂದು ತೀರ್ಮಾನವಾಯಿತು.

"ಮುಂದುಗಡೆ ಯಾವುದು?"

"ಇದು ಅತ್ತೆ. ಗಾಳಿ ಹಿಂದಿನಿಂದ ಬೀಸುತ್ತೆ, ಹಾಯಿ ಮುಂದಕ್ಕೆ ಉಬ್ಬುತ್ತೆ, ಹಡಗು ಹೀಗೆ ಹೋಗುತ್ತೆ." ಸಮುದ್ರದಲ್ಲೇ ಹುಟ್ಟಿ ಬೆಳೆದವನಂತೆ ವಿವರಿಸಿದೆ.

ಅತ್ತೆ ನಿಂಬೆಹಣ್ಣು ಹಿಡಿದ ಕೈಯನ್ನು ತಡೆದರು. "ಮತ್ತೆ ಬಾವುಟ ಯಾಕೆ ಹಿಂದಕ್ಕೆ ಹಾರ್ತಿದೆ? ಎರಡಕ್ಕೂ ಅದೇ ಗಾಳಿ ತಾನೇ? ಸಾರಕ್ಕಿ ಕೆರೆ ಕಡೆಯಿಂದ ಗಾಳಿ ಬಂದ್ರೆ ತಾರಸಿ ಮೇಲೆ ನನ್ನ ಸೀರೇನೂ ಈ ಕಡೇಗೆ ಹಾರುತ್ತೆ, ನಿಮ್ಮ ಟವಲ್ಲೂ ಈ ಕಡೇಗೇ ಹಾರುತ್ತೆ."

"ಮಂತ್ರಿಗಳ ಕಾರಲ್ಲಿ ಬಾವುಟ ಹಿಂದಕ್ಕೇ ಹಾರುತ್ತೆ ಅತ್ತೆ, ನಾನೇ ನೋಡಿದೀನಿ."

"ರೀ, ಮಂತ್ರಿ ಕಾರನ್ನ ತಳ್ಳೋದು ಪೆಟ್ರೋಲು," ಎಂದಳು ಶಾರದೆ.

ಮೂವರೂ ಹಡಗನ್ನು ನೋಡುತ್ತಾ ನಿಂತೆವು. ಹಾಯಿಗಳ ಪ್ರಕಾರ ಅದು ಗೋಡೆಯ ಕಡೆ ಹೊರಟಿತ್ತು, ಬಾವುಟಗಳ ಪ್ರಕಾರ ಬಾಗಿಲ ಕಡೆ. ಇಲಿಗಳು ಅಟ್ಟದಲ್ಲಿ ಎಲೆ ಹಾಕಿಕೊಂಡು ಕೂತಿರುವುದು ನನ್ನ ಕಣ್ಣಿಗೆ ಕಟ್ಟಿತು. ಅತ್ತೆ ತಟ್ಟೆಯಿಂದ ಇನ್ನೊಂದು ನಿಂಬೆಹಣ್ಣು ಎತ್ತಿಕೊಂಡರು. ಒಂದನ್ನು ಮುಂದಕ್ಕೆ ಇಟ್ಟರು, ಒಂದನ್ನು ಹಿಂದಕ್ಕೆ.

"ಯಾವ ಕಡೆ ಹೋದ್ರೂ ಒಳ್ಳೇದಾಗ್ಲಿ," ಎಂದು ಮಂಗಳಾರತಿ ಎತ್ತಿದರು. ನನ್ನ ಕಣ್ಣು ಒದ್ದೆಯಾಯಿತು. ಕರ್ಪೂರದ ಹೊಗೆ ಎಂದು ಶಾರದೆಗೆ ಹೇಳಿದೆ.

ಆ ಹೊತ್ತಿಗೆ ಪ್ರಸಾದ ಕೊಡಲು ಬಂದ ಶ್ರೀಕಂಠಯ್ಯನವರು ಹಾರ ತೊಟ್ಟ ಹಡಗನ್ನು ನೋಡಿ, "ಇದೇನಮ್ಮಾ, ಹಿಂದೇನೂ ನಿಂಬೆಹಣ್ಣು?" ಎಂದು ನಕ್ಕರು.

"ನಿಮ್ಮ ಕಾರಿಗೆ ಹಿಂದಕ್ಕೆ ಹೋಗೋ ಯೋಗ ಇಲ್ಲ ಶ್ರೀಕಂಠಯ್ಯನವರೇ," ಎಂದರು ಅತ್ತೆ, ಮುಖದಲ್ಲಿ ಒಂದು ಗೆರೆಯೂ ಅಲುಗದೆ. "ನಮ್ಮ ಅಳಿಯಂದಿರ ಹಡಗಿಗೆ ಇದೆ."

ಪೂಜೆಯಾದ ವಾಹನವನ್ನು ಯಾರೂ ಅಟ್ಟಕ್ಕೆ ಹಾಕುವುದಿಲ್ಲ. ಹಡಗು ಮುಂದಿನ ಕೋಣೆಯಲ್ಲೇ ಉಳಿಯಿತು, ಶಾರದೆ ಹೊಲಿಗೆ ಮೆಷಿನ್ನನ್ನು ಒಳಕೋಣೆಗೆ ಸಾಗಿಸಿ ಹಡಗಿಗೆಂದೇ ಒಂದು ಸ್ಟೂಲು ತರಿಸಿದಳು. ಬಾವುಟಗಳನ್ನು ತಿರುಗಿಸುವುದು ಒಂದು ಗಳಿಗೆಯ ಕೆಲಸ, ನಾನು ಮಾಡಲಿಲ್ಲ. ತಿರುಗಿಸಿದರೆ ಒಂದು ನಿಂಬೆಹಣ್ಣು ಹೋಗುತ್ತಿತ್ತಲ್ಲ. ವಿಜಯದಶಮಿಯ ಬೆಳಿಗ್ಗೆ ನಾನು ಅದರ ಪಕ್ಕದಲ್ಲಿ ಕಾಫಿ ಹಿಡಿದು, ಬೀದಿಯಲ್ಲಿ ಎರಡನೆಯ ವಾಹನದ ಒಡೆಯ ಎಂಬ ಗತ್ತಿನಲ್ಲಿ ಕೂತಿದ್ದಾಗ ಎದುರಿನ ಗೇಟಿನಿಂದ ಶ್ರೀಕಂಠಯ್ಯನವರು ಕೂಗಿದರು: "ಕ್ಯಾಪ್ಟನ್ ಸಾಹೇಬ್ರೇ, ಒಂಚೂರು ಕೈ ಹಾಕ್ತೀರಾ?"

ಕ್ಯಾಪ್ಟನ್ ಎಂದು ಕರೆದ ಮೇಲೆ ಕಾರೇನು, ಲಾರಿಯನ್ನಾದರೂ ತಳ್ಳಿಯೇನು. ಪಂಚೆ ಎತ್ತಿಕಟ್ಟಿ ಹೋದೆ.