ಮಾವನ ಬೈಕಿನ ಎಡಗಡೆ ಸಿಲಿಂಡರು

"ಇನ್ನು ಮುಂದೆ ಈ ಬೈಕಿಗೆ ಪರಪುರುಷರ ಕೈ ಸೋಕಕೂಡದು!" ಎಂದು ಆ ಭಾನುವಾರ ಬೆಳಿಗ್ಗೆ ಸ್ಪ್ಯಾನರ್ ಎತ್ತಿ ಹಿಡಿದು ಘೋಷಿಸಿದೆ.

"ಅಂದ್ರೆ ಮೆಕ್ಯಾನಿಕ್‌ಗೆ ತೋರಿಸಲ್ವಾ?" ಎಂದಳು ಹೆಂಡತಿ.

"ನಾನಿರೋವಾಗ ಮೆಕ್ಯಾನಿಕ್ ಯಾಕೆ?"

ಬೈಕು ನನ್ನದಲ್ಲ, ಮಾವನದು. ಎರಡು ಸಿಲಿಂಡರಿನ ಹಳೇ ಗಾಡಿ. ಮಂಡಿನೋವು ಶುರುವಾದ ಮೇಲೆ ಒಂದು ತಿಂಗಳ ಮಟ್ಟಿಗೆ ಅದನ್ನು ನನ್ನ ಸುಪರ್ದಿಗೆ ಬಿಟ್ಟಿದ್ದರು. "ಚೆನ್ನಾಗಿ ನೋಡ್ಕೊಂಡ್ರೆ ನಿಮಗೆ. ಇಲ್ದಿದ್ರೆ ದೊಡ್ಡ ಅಳಿಯನಿಗೆ" ಎಂದಿದ್ದರು. ದೊಡ್ಡ ಅಳಿಯ ಅಂದರೆ ನನ್ನ ಷಡ್ಡಕ. ಆ ಮಹಾನುಭಾವ ಆಗಲೇ ಹೊಸ ಹೆಲ್ಮೆಟ್ ಕೊಂಡು ಕಾಯುತ್ತಿದ್ದ!

ತೀರ್ಪು ಕೊಡಲು ಮಾವ ಅಂದೇ ಮಧ್ಯಾಹ್ನ ನಾಲ್ಕಕ್ಕೆ ಬರುವವರಿದ್ದರು. ಗಾಡಿ ಫಳಫಳ ಹೊಳೆಯಲಿ ಎಂದು ಹಿಂದಿನ ಸಂಜೆ ಪೈಪು ಹಿಡಿದು ಒಂದು ಗಂಟೆ ಕಾಲ ಬೈಕಿಗೂ ನನಗೂ ಜಂಟಿ ಸ್ನಾನ ಮಾಡಿಸಿದ್ದೆ. ಬೈಕು ಹೊಳೆಯಿತು. ನನ್ನ ಮೂಗು ಕಟ್ಟಿತು.

ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಗಾಡಿ ಕುಂಟುತ್ತಿದೆ! ಡುಗುಡುಗು ಅನ್ನಬೇಕಾದದ್ದು ಡುಗು-ಪುಸ್, ಡುಗು-ಪುಸ್ ಅನ್ನುತ್ತಿದೆ. ಒಂದು ಸಿಲಿಂಡರು ದುಡಿಯುತ್ತಿದೆ, ಇನ್ನೊಂದು ಕೂತು ತಿನ್ನುತ್ತಿದೆ! ಸೋಮಾರಿ ಯಾವುದೆಂದು ಪತ್ತೆ ಮಾಡಲು ಸುಲಭ ಉಪಾಯವಿದೆ. ಎರಡೂ ಕಡೆಯ ಸೈಲೆನ್ಸರ್ ಪೈಪು ಮುಟ್ಟಿ ನೋಡಬೇಕು. ಉರಿಯದ ಕಡೆಯದು ತಣ್ಣಗಿರುತ್ತದೆ. ನಾನು ಮೊದಲು ಬಲಗಡೆಯದನ್ನು ಮುಟ್ಟಿದೆ.

"ಅಯ್ಯಯ್ಯಯ್ಯೋ!"

"ಬಲಗಡೆದು ಸರಿಯಿದೆ ಅನ್ನಿ" ಎಂದಳು ಹೆಂಡತಿ ಅಡುಗೆಮನೆಯಿಂದಲೇ.

ಎಂಜಿನ್ ಆರಿಸಿ ಕಿಡಿ ಹಾರಿಸುವ ಎಡಗಡೆ ಸ್ಪಾರ್ಕ್ ಪ್ಲಗ್ಗಿನ ಕ್ಯಾಪು ಕಿತ್ತೆ. ಬೆರಳು ಒದ್ದೆಯಾಯಿತು.

"ಸಿಕ್ಕಿಬಿದ್ದ ಕಳ್ಳ! ಪೆಟ್ರೋಲ್ ಲೀಕು! ಕಾರ್ಬುರೇಟರ್ ಕೈಕೊಟ್ಟಿದೆ!" ಎಂದು ಕೂಗುತ್ತಾ ಹೋಗಿ ಅವಳ ಕೈಯೊರೆಸುವ ಬಟ್ಟೆಗೆ ಬೆರಳು ಒರೆಸಿದೆ. ಅವಳು ಬಟ್ಟೆ ಕಿತ್ತುಕೊಂಡು ಮೂಸಿದಳು.

"ರೀ, ಏನೂ ವಾಸನೇನೇ ಇಲ್ಲ."

"ಶುದ್ಧ ಪೆಟ್ರೋಲು ಕಣೇ!"

"ನೀವು ಮೂಸಿ ನೋಡಿದ್ರಾ?"

"ಬೂಗು ಕಟ್ಟಿದೆ!" ಮೂಗು ಎನ್ನಲೂ ಬಾರದ ಸ್ಥಿತಿ ನನ್ನದು.

"ಒಂದು ಮಾತು ಹೇಳ್ಲಾ? ನಿನ್ನೆ ನೀವು..."

"ನಿನ್ನೇದು ಆಮೇಲೆ! ಈಗ ಒಂದು ತಟ್ಟೆ ಕೊಡು."

ಕ್ಯಾಪನ್ನು ಹಾಗೇ ವಾಪಸ್ಸು ಸಿಕ್ಕಿಸಿ ಕಾರ್ಬುರೇಟರ್ ಬಿಚ್ಚಿದೆ. ಒಂದು ತಟ್ಟೆ ನಾಲ್ಕಾಯಿತು, ಎರಡು ಲೋಟ ಸೇರಿತು, ಕೊನೆಗೆ ಟೀ ಸೋಸುವ ಜರಡಿಯೂ ಬಂತು. ಊಟದ ಮೇಜು ಗ್ಯಾರೇಜಾದ್ದರಿಂದ ನಾವಿಬ್ಬರೂ ತಟ್ಟೆ ಕೈಯಲ್ಲಿ ಹಿಡಿದು ನಿಂತೇ ಉಂಡೆವು. ಎಲ್ಲವನ್ನೂ ತೊಳೆದು, ಊದಿ, ಒಂದೇ ಒಂದು ಸ್ಕ್ರೂ ಮಿಗದ ಹಾಗೆ ಜೋಡಿಸುವಾಗ ನಾಲ್ಕಕ್ಕೆ ಐದು ನಿಮಿಷ. ಸ್ಟಾರ್ಟ್ ಮಾಡಿದೆ.

ಡುಗು-ಪುಸ್!

ಅದೇ ಹೊತ್ತಿಗೆ ಗೇಟು ಕಿರ್ ಎಂದಿತು. ಮಾವ ಒಳಗೆ ಬರಲಿಲ್ಲ. ಅಲ್ಲೇ ನಿಂತು ತಲೆ ಓರೆ ಮಾಡಿ ಆಲಿಸಿದರು.

"ಎಡಗಡೆದು ಉರೀತಿಲ್ಲ. ಗಾಡಿ ತೊಳೆದದ್ದು ಯಾರು?"

"ನಾನೇ ಮಾವ!" ಕೊನೆಗೂ ಒಬ್ಬರು ಗಮನಿಸಿದರಲ್ಲ! "ಪೈಪು ಹಿಡಿದು ಮೂಲೆ ಮೂಲೆ ತೊಳ್ದಿದೀನಿ!"

ಮಾವ ಎಂಜಿನ್ ಆರಿಸಿ ಕ್ಯಾಪು ಕಿತ್ತು ಬೋರಲಾಗಿ ಕೊಡವಿದರು. ಟಪಟಪ ನಾಲ್ಕು ಹನಿ ನೀರು ಬಿತ್ತು. ಕರ್ಚೀಫಿನಿಂದ ಒರೆಸಿ, ಊದಿ, ಸಿಕ್ಕಿಸಿ, "ನನ್ನ ಮಂಡಿ ಕೇಳಲ್ಲ, ನೀನು ಒದಿ ಮಗಳೇ" ಎಂದರು. ಅವಳು ಒಂದೇ ಒದೆ ಕೊಟ್ಟಳು.

ಡುಗುಡುಗುಡುಗು!

"ನಿಂಗೆ ಗೊತ್ತಿತ್ತಾ?" ಎಂದೆ.

"ಹೇಳಕ್ಕೆ ಬಂದೆ. ನೀವು ತಟ್ಟೆ ಕೇಳಿದ್ರಿ."

ನನ್ನ ಕಣ್ಣ ಮುಂದೆ ಷಡ್ಡಕನ ಹೆಲ್ಮೆಟ್ ಕುಣಿಯಿತು. "ಹಾಗಾದ್ರೆ ಮಾವ, ಗಾಡಿ... ದೊಡ್ಡ ಅಳಿಯನಿಗೇನಾ?" ಎಂದೆ.

ಮಾವ ನನ್ನ ಸುಟ್ಟ ಬೆರಳು ನೋಡಿದರು, ಕೆಂಪು ಮೂಗು ನೋಡಿದರು, ತೆರೆದ ಬಾಗಿಲಿನಾಚೆ ಮೇಜಿನ ಮೇಲಿದ್ದ ಜರಡಿ ನೋಡಿದರು. "ಈ ಗಾಡಿಗೋಸ್ಕರ ಇಷ್ಟು ಒದ್ದಾಡೋರು ಇನ್ಯಾರು ಸಿಗ್ತಾರೆ? ಇಲ್ಲೇ ಇರ್ಲಿ. ಕೀ ಮಾತ್ರ ಮಗಳ ಹತ್ರ."

ನಾನು ಕಾಲಿಗೆ ಬೀಳುವುದೊಂದು ಬಾಕಿ! ಅಷ್ಟರಲ್ಲಿ ಅವರು ಅಂಗಳದ ನಲ್ಲಿಯಿಂದ ನೀರಿನ ಪೈಪು ಬಿಚ್ಚಿ, ಸುರುಳಿ ಸುತ್ತಿ ಹೆಗಲಿಗೇರಿಸಿದರು.

"ಅದ್ಯಾಕೆ ಮಾವ?"

"ಇದು ದೊಡ್ಡ ಅಳಿಯನಿಗೆ. ಅವರ ಹತ್ರ ಬೈಕಿಲ್ಲ."