ಹೋಳೂರಿನ ಅನುಮಾನಾಸ್ಪದ ಓದುಗರ ವಿಷಯವಾಗಿ

ಗೆ,
ಶ್ರೀಯುತ ಎಣಿಕೆ ಯಂತ್ರದವರಿಗೆ,
ನನ್ನ ಬ್ಲಾಗಿನ ಒಳಮನೆ,
(ಬೀದಿ, ಊರು, ಪಿನ್‌ಕೋಡ್ ತಿಳಿದುಬಂದಿಲ್ಲ)

ವಿಷಯ: ನನ್ನ ಬರವಣಿಗೆಯ ಭವಿಷ್ಯವನ್ನು ತಾವೇ ನಿರ್ಧರಿಸಿ ಉಪಕರಿಸಿದ ಬಗ್ಗೆ ಕೃತಜ್ಞತೆ ಹಾಗೂ ಆ ಉಪಕಾರದಿಂದಾದ ತೊಂದರೆ ಕುರಿತು.

ಮಾನ್ಯರೇ,

ಶ್ರೀನಿವಾಸಪುರದ ತಾಲ್ಲೂಕು ಕಚೇರಿಯ ಎದುರು, ಜೆರಾಕ್ಸ್ ಅಂಗಡಿಯ ಪಕ್ಕದಲ್ಲಿ ಮೇಜು ಹಾಕಿಕೊಂಡು ಇಪ್ಪತ್ತೆರಡು ವರ್ಷಗಳಿಂದ ಊರವರ ಅರ್ಜಿ ಬರೆದುಕೊಡುತ್ತಿರುವ ಚಂದ್ರಮೋಹನ್ ಎಂಬ ನಾನು, ತಮ್ಮ ಪಾದಗಳು ಯಾವ ದಿಕ್ಕಿನಲ್ಲಿವೆಯೆಂದು ತಿಳಿಯದ ಕಾರಣ ನಾಲ್ಕೂ ದಿಕ್ಕಿಗೆ ಒಂದೊಂದು ನಮಸ್ಕಾರ ಹಾಕಿ ಬರೆದುಕೊಳ್ಳುವ ಬಿನ್ನಹವೇನೆಂದರೆ, ತಾವು ಅಲ್ಲಿ ಕ್ಷೇಮವೆಂದು ನಂಬಿದ್ದೇನೆ. ತಮಗೆ ಕ್ಷೇಮವಲ್ಲದೆ ಬೇರೇನೂ ಆಗುವ ಸಾಧ್ಯತೆ ಇಲ್ಲ ಎಂಬುದೇ ನನ್ನ ಮೊದಲನೆಯ ಅಸೂಯೆ. ಈ ಪತ್ರವನ್ನು ತಮಗೆ ಕಳುಹಿಸುವ ವಿಳಾಸ ಸಿಗಲಿಲ್ಲವಾದ್ದರಿಂದ ನನ್ನ ಬ್ಲಾಗಿನಲ್ಲೇ ಹಾಕುತ್ತಿದ್ದೇನೆ. ಹೇಗೂ ಅಲ್ಲಿ ಯಾರು ಬಂದರು, ಎಷ್ಟು ಹೊತ್ತು ನಿಂತರು, ಯಾವ ಸಾಲಿನ ಹತ್ತಿರ ಆಕಳಿಸಿದರು ಎಂಬುದೆಲ್ಲ ತಮಗೆ ಗೊತ್ತಾಗುತ್ತದೆಯಲ್ಲವೇ.

ನನ್ನ ಬ್ಲಾಗಿನ ಹೆಸರು 'ತೋಪಿನಂಚು'. ಅಲ್ಲಿ ನಾನು ಒಂಬತ್ತು ವರ್ಷಗಳಿಂದ 'ತೋಪುವಾಸಿ' ಎಂಬ ಹೆಸರಿನಲ್ಲಿ ಕಥೆ ಬರೆಯುತ್ತಿದ್ದೇನೆ. ಹಗಲೆಲ್ಲ ಬೇರೆಯವರ ಕಷ್ಟವನ್ನು 'ಮಾನ್ಯರೇ' ಎಂದು ಶುರುಮಾಡಿ 'ದಯಮಾಡಿ ಪರಿಶೀಲಿಸಬೇಕು' ಎಂದು ಮುಗಿಸುವವನಿಗೆ, ವಾರಕ್ಕೊಮ್ಮೆಯಾದರೂ ಯಾರ ದಯೆಯನ್ನೂ ಕೇಳದ ಒಂದು ಪುಟ ಬರೆಯಬೇಕೆನ್ನಿಸುತ್ತದೆ. ತೋಪುವಾಸಿ ನಾನೇ ಎಂಬುದು ನನ್ನ ಹೆಂಡತಿ ಸುನಂದಳಿಗೆ ಮಾತ್ರ ಗೊತ್ತು. ಆ ಗುಟ್ಟನ್ನು ಅವಳು ಒಂಬತ್ತು ವರ್ಷ ಬಿಟ್ಟುಕೊಟ್ಟಿಲ್ಲ. ಹೊರಗೆ ಹೇಳಲು ಅವಳಿಗೆ ಸಂಕೋಚ.

ತಾವಾದರೋ ಪ್ರತಿ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ತಪ್ಪದೆ 'ನಮಸ್ಕಾರ ಸೃಷ್ಟಿಕರ್ತರೇ' ಎಂದು ನನಗೆ ಕಾಗದ ಬರೆಯುತ್ತೀರಿ. ತಹಶೀಲ್ದಾರರ ಜವಾನ ಕೂಡ 'ಏಯ್ ಅರ್ಜಿ' ಎಂದು ಕರೆಯುವ ಮನುಷ್ಯನನ್ನು ಸೃಷ್ಟಿಕರ್ತರೇ ಎಂದು ಕರೆದ ತಮ್ಮ ದೊಡ್ಡತನವನ್ನು ನಾನು ಹೇಗೆ ಮರೆಯಲಿ? ಅದರ ಕೆಳಗೆ, ಈ ವಾರ ತಮ್ಮ ಸೃಷ್ಟಿಯನ್ನು ನೋಡಿದವರು ಹದಿನಾಲ್ಕು ಮಂದಿ, ಅವರಲ್ಲಿ ಹದಿಮೂರು ಮಂದಿ ಸರಾಸರಿ ಹತ್ತೊಂಬತ್ತು ಸೆಕೆಂಡು ನಿಂತು ಹೋದರು ಎಂದು ಬರೆದು, ಪಕ್ಕದಲ್ಲಿ ಇಳಿಜಾರಿನ ಗೆರೆಯೊಂದನ್ನು ಕೆಂಪು ಬಣ್ಣದಲ್ಲಿ ಎಳೆದು, ಕೊನೆಗೆ 'ನಿಮ್ಮ ಪಯಣ ಹೀಗೇ ಮುಂದುವರಿಯಲಿ' ಎಂದು ಹರಸುತ್ತೀರಿ. ಇಳಿಜಾರಿನಲ್ಲಿ ಪಯಣ ಮುಂದುವರಿಯುವುದಕ್ಕೆ ಹರಕೆ ಬೇಕಾಗಿಲ್ಲ ಎಂದು ತಮಗೆ ಯಾರಾದರೂ ಹೇಳಬೇಕಿತ್ತು.

ಆದರೂ ನನ್ನ ಒಂದು ಕಥೆಗೆ ಮಾತ್ರ ತಾವು ಹಸಿರು ಗೆರೆ ಕೊಟ್ಟಿರಿ. ಅತ್ತೆಯೊಡನೆ ಇಪ್ಪತ್ತು ವರ್ಷ ಜಗಳವಾಡಿದ ಸೊಸೆಯೊಬ್ಬಳು, ಅತ್ತೆಯ ವರ್ಷದ ತಿಥಿಗೆ ಎಡೆ ಇಡಲು ಹಿತಕಿದ ಬೇಳೆ ಸಾರು ಮಾಡುವ ಕಥೆ ಅದು. ಎಡೆಗೆ ಮುಂಚೆ ರುಚಿ ನೋಡುವಂತಿಲ್ಲವಲ್ಲ, ಹಾಗಾಗಿ ಸಾರಿಗೆ ಉಪ್ಪು ಹಾಕಲು ಮರೆತದ್ದು ಅವಳಿಗೆ ತಿಳಿಯುವುದಿಲ್ಲ. ಇಪ್ಪತ್ತು ವರ್ಷವೂ ತಾನು ಮರೆತ ಉಪ್ಪನ್ನು ಅತ್ತೆ ಬೈದುಕೊಂಡೇ ಹಾಕುತ್ತಿದ್ದಳು ಎಂಬುದು ಆ ದಿನ ಊಟಕ್ಕೆ ಕೂತಾಗ ಸೊಸೆಗೆ ಗೊತ್ತಾಗುತ್ತದೆ. ಈ ಕಥೆಯನ್ನು ಮೂರು ಸಾವಿರದ ಇನ್ನೂರು ಜನ ನೋಡಿದರು. ಅವರಲ್ಲಿ ನಲವತ್ತು ಜನ ಕೆಳಗೆ ಅಭಿಪ್ರಾಯ ಬರೆದರು. ಎಲ್ಲರದ್ದೂ ಒಂದೇ ಅಳಲು: ಹೇಳಿದಂತೆಯೇ ಮಾಡಿದೆವು, ಸಾರು ಸಪ್ಪೆ, ಉಪ್ಪು ಎಷ್ಟು ಹಾಕಬೇಕೆಂದು ನಮೂದಿಸಿಲ್ಲ, ದಯವಿಟ್ಟು ತಿದ್ದಿ. ತಾವು ಅದೇ ಸೋಮವಾರ ಬರೆದಿರಿ: 'ಸೃಷ್ಟಿಕರ್ತರೇ, ನಿಮ್ಮ ಓದುಗರಿಗೆ ಸಾರು ಇಷ್ಟ. ಅಳತೆಗಳನ್ನು ಸ್ಪಷ್ಟಪಡಿಸಿ. ಅತ್ತೆಯ ಭಾಗವನ್ನು ಕಡಿಮೆ ಮಾಡಿ.'

ನನಗೆ ಆಗ ಐವತ್ತು ತುಂಬಿತ್ತು. ಕಥೆ ಬರೆಯುವುದನ್ನು ಮುಂದುವರಿಸಬೇಕೋ, ಒಂಬತ್ತು ವರ್ಷದ ಹುಚ್ಚು ಸಾಕೆಂದು ಬ್ಲಾಗು ಮುಚ್ಚಬೇಕೋ ಎಂದು ನಾನು ಒದ್ದಾಡುತ್ತಿದ್ದೆ. ಯುಗಾದಿಯೊಳಗೆ ತೀರ್ಮಾನ ಮಾಡುತ್ತೇನೆಂದು ನನಗೆ ನಾನೇ ಗಡುವು ಕೊಟ್ಟುಕೊಂಡಿದ್ದೆ. ಅಂಥ ಹೊತ್ತಿನಲ್ಲಿ ದಾರಿ ತೋರಿಸಿದ ತಮ್ಮನ್ನು ಗುರುಗಳೆನ್ನದೆ ಇನ್ನೇನೆನ್ನಲಿ? ತಮ್ಮ ಅಪ್ಪಣೆಯಂತೆ ನಾಲ್ಕು ವಾರ ಬಸ್ಸಾರು, ಉಪ್ಪುಸಾರು, ಮೊಳಕೆ ಹುರುಳಿ ಸಾರು, ಮಸ್ಸೊಪ್ಪು ಎಂದು ಬರೆದೆ. ಅತ್ತೆಯರನ್ನೆಲ್ಲ ತೆಗೆದುಹಾಕಿದೆ. ಸುನಂದ ನನ್ನ ಹೆಗಲ ಹಿಂದೆ ನಿಂತು ಓದಿ, 'ಸ್ಟೌ ಹಚ್ಚಕ್ಕೆ ಬರಲ್ಲ, ಊರೋರ್ಗೆಲ್ಲ ಸಾರು ಹೇಳ್ಕೊಡ್ತೀರಾ? ನಾಚ್ಕೆ ಆಗಲ್ವಾ?' ಎಂದಳು. ಗೆರೆ ಹಸಿರಾಗಿದೆ ನೋಡು ಎಂದೆ. ಅವಳು ಗೆರೆಯನ್ನೂ ನೋಡಿದಳು, ನನ್ನನ್ನೂ ನೋಡಿದಳು, ಒಳಗೆ ಹೋದಳು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಆ ಹದಿನಾಲ್ಕರಲ್ಲಿ ಹದಿಮೂರು ಮಂದಿ ಹತ್ತೊಂಬತ್ತು ಸೆಕೆಂಡಿನವರು ಎಂದೆನಲ್ಲ, ಉಳಿದ ಒಬ್ಬರ ಬಗ್ಗೆ ತಾವು ಬಹಳ ಕಾಳಜಿಯಿಂದ ಪ್ರತ್ಯೇಕ ಕಾಗದವನ್ನೇ ಬರೆದಿರಿ. ಕೋಲಾರ ತಾಲ್ಲೂಕು ಹೋಳೂರಿನ ಒಂದು ಮೊಬೈಲು ನನ್ನ ಒಂದೊಂದು ಕಥೆಯ ಮೇಲೂ ಐವತ್ಮೂರು ನಿಮಿಷ, ಒಂದು ಗಂಟೆ ಹತ್ತು ನಿಮಿಷ, ಹೀಗೆ ನಿಲ್ಲುತ್ತಿದೆಯೆಂದೂ, ಒಂದೇ ಪುಟವನ್ನು ಮೇಲಕ್ಕೂ ಕೆಳಕ್ಕೂ ನಾಲ್ಕಾರು ಸಲ ಎಳೆಯುತ್ತಿದೆಯೆಂದೂ, ಮನುಷ್ಯರು ಹೀಗೆ ಓದುವುದಿಲ್ಲವಾದ್ದರಿಂದ ಇದು ಅನುಮಾನಾಸ್ಪದ ಚಟುವಟಿಕೆಯೆಂದೂ ಎಚ್ಚರಿಸಿ, 'ಈ ಓದುಗರನ್ನು ತೆಗೆದುಹಾಕಬೇಕೇ? ಹೌದು, ಇಲ್ಲ' ಎಂದು ಕೇಳಿದಿರಿ. ಮನುಷ್ಯರು ಹೇಗೆ ಓದುತ್ತಾರೆಂಬುದು ತಮಗಿಂತ ಚೆನ್ನಾಗಿ ನನಗೆ ತಿಳಿದಿರಲು ಹೇಗೆ ಸಾಧ್ಯ? ಒಂಬತ್ತು ವರ್ಷ ಬರೆದವನು, ನನ್ನ ಕಥೆಯನ್ನು ಒಬ್ಬರು ಒಂದು ಗಂಟೆ ಓದುತ್ತಾರೆಂದರೆ ನಾನೇ ನಂಬಲಿಲ್ಲ. 'ಹೌದು' ಒತ್ತಿದೆ.

ಅದಾಗಿ ಎಂಟು ದಿನಕ್ಕೆ, ಬೆಳಗಿನ ಹೋಳೂರು ಬಸ್ಸಿನಲ್ಲಿ ಬಂದಿಳಿದ ಐವತ್ತೈದರ ಹೆಂಗಸೊಬ್ಬರು ಸೀದಾ ನನ್ನ ಮೇಜಿನ ಮುಂದೆ ಬಂದು ಕೂತರು. ಹೆಸರು ಶಾಮಲಮ್ಮ, ರೇಷ್ಮೆ ಸಾಕುವ ಮನೆಯವರು. ಎರಡು ವರ್ಷದ ಕೆಳಗೆ ಹಿಪ್ಪುನೇರಳೆ ತೋಟದಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದಿತ್ತು. ಮೂಳೆ ಕೂಡಿದರೂ ಬೆರಳು ಮಡಿಸಲು ಬರುವುದಿಲ್ಲ. ಯಾರಿಗಮ್ಮಾ ಅರ್ಜಿ ಎಂದೆ. 'ತೋಪಿನಂಚು ಅಂತ ಐತಲ್ಲ ಸಾರ್, ಫೋನ್ನಾಗೆ ಕಥೆ ಬರೆಯೋರು, ಅವ್ರಿಗೆ' ಎಂದರು. ಪುಟದ ಅಡಿಯಲ್ಲಿ ಶ್ರೀನಿವಾಸಪುರ ಎಂದಿದ್ದುದನ್ನು ನೋಡಿ ಬಂದಿದ್ದರು. ಬಸ್‌ ಸ್ಟ್ಯಾಂಡಿನಲ್ಲಿ ವಿಚಾರಿಸಿದರೆ ಅಂಥ ಆಫೀಸು ಯಾರಿಗೂ ಗೊತ್ತಿಲ್ಲ. ತಾಲ್ಲೂಕು ಕಚೇರಿ ಎದುರಿನವನು ಯಾವ ಸಾಹೇಬರಿಗೆ ಬೇಕಾದರೂ ಬರೆದುಕೊಡುತ್ತಾನೆ ಎಂದು ಯಾರೋ ಕಳುಹಿಸಿದರಂತೆ.

ಹೋಳೂರಿನ ಅವರ ಬೀದಿಯ ಹನ್ನೆರಡು ಮನೆಯವರು ಮುಯ್ಯಾಳು ಪದ್ಧತಿಯಲ್ಲಿ ದುಡಿಯುತ್ತಾರೆಂಬುದು ತಮ್ಮ ಗಮನಕ್ಕೆ ಬಂದಿರಲಾರದು. ಒಂದು ಮನೆಯಲ್ಲಿ ಗೂಡು ಬಿಡಿಸುವ ದಿನ ಬಂತೆಂದರೆ ಉಳಿದ ಮನೆಗಳಿಂದ ಒಬ್ಬೊಬ್ಬ ಹೆಂಗಸು ಬಂದು, ಹುಳ ಗೂಡು ಕಟ್ಟಿದ ಬಿದಿರಿನ ತಟ್ಟೆಗಳ, ಅಂದರೆ ಚಂದ್ರಿಕೆಗಳ, ಸುತ್ತ ಕೂತು ಕೈಯಾಡಿಸಬೇಕು. ನಿಮ್ಮ ಮನೆಗೆ ಬಂದವರ ಮನೆಗೆ ನೀವೂ ಹೋಗಬೇಕು. ಕೈ ಹೋದ ಮೇಲೆ ಶಾಮಲಮ್ಮನವರ ಮನೆಗೆ ಎಲ್ಲರೂ ಬರುತ್ತಿದ್ದರು, ಆದರೆ ಅವರು ಯಾರ ಮನೆಯಲ್ಲೂ ಗೂಡು ಬಿಡಿಸುವಂತಿರಲಿಲ್ಲ. ಸುಮ್ಮನೆ ಮಾಡಿಸಿಕೊಳ್ಳಲು ಅವರ ಮನಸ್ಸು ಒಪ್ಪಲಿಲ್ಲ. ಮುಂದಿನ ಸಲದಿಂದ ನಮ್ಮನೆಗೆ ಬರಬೇಡಿ, ಹುಳ ಸಾಕೋದೇ ಬಿಡ್ತೀನಿ ಎಂದುಬಿಟ್ಟರಂತೆ. ಆಗ ಪಕ್ಕದ ಮನೆಯ ಗಂಗಾಲಕ್ಷ್ಮಿ, 'ಫೋನ್ನಾಗೆ ಅದೇನೋ ಕಥೆ ಓದ್ಕೊಂಡು ನಗ್ತಿರ್ತೀಯಲ್ಲಕ್ಕಾ, ಅದುನ್ನೇ ಜೋರಾಗಿ ಓದು. ನಿಂದೂ ಒಂದು ಆಳು ಲೆಕ್ಕ' ಎಂದರಂತೆ. ಅಂದಿನಿಂದ ಶಾಮಲಮ್ಮ ಓದುತ್ತಾರೆ, ಹನ್ನೊಂದು ಜನ ಕೈ ಆಡಿಸುತ್ತಾ ಕೇಳುತ್ತಾರೆ. ಅವರಲ್ಲಿ ಹಿರಿಯರಾದ ವೆಂಕಟರತ್ನಮ್ಮನವರ ಮನೆಮಾತು ತೆಲುಗು. ಅಳು ಬರುವ ಕಡೆಯಲ್ಲೆಲ್ಲ 'ಮಳ್ಳೀ ಚದುವಮ್ಮಾ' ಎಂದು ಅದನ್ನೇ ಇನ್ನೊಂದು ಸಲ ಓದಿಸುತ್ತಾರೆ. ತಾವು ಹಿಡಿದ ಅನುಮಾನಾಸ್ಪದ ಚಟುವಟಿಕೆ ಇದೇ.

ತಮ್ಮ ಸಲಹೆಯ ಸಾರುಗಳು ಶುರುವಾದ ಮೇಲೂ ಅವರು ಬಿಟ್ಟಿರಲಿಲ್ಲ. ಒಂದು ಸಾರು ಓದಿದರಂತೆ, ಎರಡು ನಿಮಿಷಕ್ಕೆ ಮುಗಿಯಿತಂತೆ. 'ಇದು ನಮಗ್ ಬರಲ್ವಾ, ಇದುನ್ನೂ ಓದ್ಬೇಕಾ' ಎಂದು ಎಲ್ಲರೂ ನಕ್ಕಮೇಲೆ ಹಳೆಯ ಕಥೆಗಳನ್ನೇ ಮತ್ತೆ ಓದುತ್ತಿದ್ದರಂತೆ. ಆಮೇಲೊಂದು ಬುಧವಾರ, ಹನ್ನೊಂದು ಜನ ಚಂದ್ರಿಕೆಯ ಸುತ್ತ ಕೂತು ಕಾಯುತ್ತಿರುವಾಗ, ಶಾಮಲಮ್ಮನವರ ಫೋನಿನಲ್ಲಿ 'ಕ್ಷಮಿಸಿ, ನಿಮಗೆ ಇಲ್ಲಿ ಪ್ರವೇಶವಿಲ್ಲ' ಎಂದು ಬಂತು. 'ಒಬ್ರು ಓದಕ್ಕೆ ಅಂತ ಬಿಟ್ಟಿದ್ದುನ್ನ ಹನ್ನೊಂದು ಜನಕ್ಕೆ ಕೇಳಿಸ್ಬಿಟ್ಟೆ ಸಾರ್, ಅದುಕ್ಕೇ ಅವ್ರಿಗೆ ಕೋಪ ಬಂದಿರ್ಬೇಕು. ತಪ್ಪಾಯ್ತು ಅಂತ ಬರೀರಿ. ಮೆಲ್ಲುಗ್ ಓದ್ತೀನಿ, ಬೀದಿಗೆ ಕೇಳಿಸ್ದಂಗೆ ಓದ್ತೀನಿ ಅಂತ ಬರೀರಿ' ಎಂದರು. ಜೊತೆಗೆ ಲಗತ್ತಿಸಲು ಒಂದು ಹಾಳೆ ತಂದಿದ್ದರು. ಅದರಲ್ಲಿ ಒಂಬತ್ತು ಸಹಿ, ಎರಡು ಹೆಬ್ಬೆಟ್ಟು.

ಮಾನ್ಯರೇ, ನಾನು ಆ ಅರ್ಜಿಯನ್ನು ಬರೆದೆ. 'ಮಾನ್ಯ ತೋಪುವಾಸಿಯವರೇ' ಎಂದು ನನಗೆ ನಾನೇ ಸಂಬೋಧಿಸಿಕೊಂಡು, ಬಡವಳಾದ ನನ್ನ ತಪ್ಪನ್ನು ಮನ್ನಿಸಬೇಕೆಂದು ಅವರ ಪರವಾಗಿ ನನ್ನನ್ನೇ ಬೇಡಿಕೊಂಡು, ಓದಿ ಹೇಳಿದೆ. ಅವರು ಇನ್ನೂ ಸ್ವಲ್ಪ ವಿನಯ ಸೇರಿಸಿ ಎಂದರು. ಸೇರಿಸಿದೆ. ನನಗೆ ಆ ದಿನ ಆದಷ್ಟು ನಾಚಿಕೆ ಹುಟ್ಟಿದಂದಿನಿಂದ ಆಗಿರಲಿಲ್ಲ. ನಾನೇ ಅವನು ಎಂದು ಹೇಳಲು ಬಾಯಿ ಬರಲಿಲ್ಲ, ನಾನೇ ತಲುಪಿಸುತ್ತೇನೆ ಅಮ್ಮಾ ಎಂದಷ್ಟೇ ಹೇಳಿದೆ. ಅವರು ಬಸ್ಸು ಹತ್ತುವುದರೊಳಗೆ ಫೋನು ತೆಗೆದು, ತಮ್ಮ 'ತೆಗೆದುಹಾಕಲಾದವರು' ಎಂಬ ಪಟ್ಟಿಯನ್ನು ಹುಡುಕಿ, ಅರ್ಜಿಯನ್ನು ಮಂಜೂರು ಮಾಡಿದೆ. ನಾನು ಬರೆದ ಸಾವಿರಾರು ಅರ್ಜಿಗಳಲ್ಲಿ ಬರೆದ ದಿನವೇ ಮಂಜೂರಾದದ್ದು ಇದೊಂದೇ.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ಕೋರಿಕೆಗಳಿವೆ. ಮುಂದಿನ ಸಲ ಹೋಳೂರಿನ ಓದುಗರನ್ನು ಎಣಿಸುವಾಗ ತಾವು ಖುದ್ದಾಗಿ ಬಂದು, ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ಎಷ್ಟು ಜನ ಕೂತಿದ್ದಾರೆಂದು ತಲೆ ಎಣಿಸಿ ಹೋಗಬೇಕು. ಬಂದವರು ಸುಮ್ಮನೆ ನಿಲ್ಲದೆ ಒಂದು ಚಂದ್ರಿಕೆಯನ್ನಾದರೂ ಬಿಡಿಸಿಕೊಡಬೇಕು. ಕೈಯಿಲ್ಲವೆಂದರೆ ಅಡ್ಡಿಯಿಲ್ಲ, ಅಲ್ಲಿ ಅದಕ್ಕೂ ರಿಯಾಯಿತಿ ಇದೆ, ಆದರೆ ತಮಗೆ ಏನಾದರೂ ಓದಿ ಹೇಳಲು ಬರಬೇಕು. ತಮ್ಮ ಗೆರೆಗಳಲ್ಲಿ ಹಸಿರು, ಕೆಂಪು ಬಿಟ್ಟು ಮೂರನೆಯ ಬಣ್ಣವೊಂದನ್ನು ಇಟ್ಟು, 'ಇನ್ನೊಂದು ಸಲ ಓದಿಸಿದರು' ಎಂಬುದಕ್ಕೆ ಮೀಸಲಿಡಬೇಕು. ಇಷ್ಟೂ ಆಗದಿದ್ದಲ್ಲಿ, ಸೋಮವಾರದ ಕಾಗದವನ್ನಾದರೂ ನಿಲ್ಲಿಸಿ ನನ್ನನ್ನು ಸೃಷ್ಟಿಕರ್ತನ ಹುದ್ದೆಯಿಂದ ವಜಾ ಮಾಡಬೇಕು.

ಯುಗಾದಿಯ ಗಡುವಿಗೆ ಮುಂಚೆಯೇ ನನ್ನ ತೀರ್ಮಾನ ಆಗಿದೆ. ಬ್ಲಾಗು ಮುಚ್ಚುವುದಿಲ್ಲ. ಸಾರುಗಳನ್ನು ಅಳಿಸಿದ್ದೇನೆ. ಅತ್ತೆಯರನ್ನು ವಾಪಸು ಕರೆಸಿದ್ದೇನೆ. ಇನ್ನು ಮುಂದೆ ನನ್ನ ಕಥೆಗಳು ಹನ್ನೊಂದು ಜನ ಒಂದು ಮನೆಯ ಗೂಡು ಬಿಡಿಸಿ ಮುಗಿಸುವಷ್ಟು ಉದ್ದವಿರುತ್ತವೆ, ಬೆಳೆ ಚೆನ್ನಾಗಿ ಬಂದ ಮನೆಯಾದರೆ ಇನ್ನೂ ಉದ್ದ. ಬರವಣಿಗೆಯ ಭವಿಷ್ಯ ಎಂದು ತಾವು ಯಾವುದನ್ನು ಕರೆಯುತ್ತೀರೋ ನನಗೆ ತಿಳಿಯದು. ನನ್ನ ಕಥೆಯಿಂದ ಒಬ್ಬ ಹೆಂಗಸು ತನ್ನ ಬೀದಿಯಲ್ಲಿ ತಲೆಯೆತ್ತಿ ಕೂರುತ್ತಾಳೆ ಎಂಬುದು ನನಗೆ ಸಾಕು.

ಶಾಮಲಮ್ಮನವರೇ, ಇದನ್ನು ತಾವು ಎಲ್ಲರಿಗೂ ಕೇಳುವಂತೆ ಓದುತ್ತಿರುತ್ತೀರಿ ಎಂದು ಗೊತ್ತು. ತಮ್ಮ ಅರ್ಜಿ ಬರೆದವನೂ ನಾನೇ, ಪಡೆದವನೂ ನಾನೇ, ತಮಗೆ ಬಾಗಿಲು ಹಾಕಿದವನೂ ನಾನೇ. ತಪ್ಪು ತಮ್ಮದಲ್ಲ ಅಮ್ಮಾ, ನನ್ನದು. ಮೆಲ್ಲಗೆ ಓದಬೇಡಿ.

ಎಣಿಕೆಗೆ ಒಬ್ಬನಾಗಿ,
ತಮ್ಮ ವಿಶ್ವಾಸಿ,
ಚಂದ್ರಮೋಹನ್ (ತೋಪುವಾಸಿ)
ಶ್ರೀನಿವಾಸಪುರ

ವಿ.ಸೂ.: ಕಳೆದ ವಾರದ ಕಥೆಯಲ್ಲಿ ತಮ್ಮನ್ನೇ ಒಂದು ಪಾತ್ರವಾಗಿ ಸೇರಿಸಿದ್ದೆ. ಹೋಳೂರಿನಿಂದ ಮೊದಲ ಬಾರಿಗೆ ಅಭಿಪ್ರಾಯವೊಂದು ಬಂದಿದೆ: 'ಕಥೆ ಚೆನ್ನಾಗೈತೆ. ಆದ್ರೆ ಅಷ್ಟೊಂದು ಲೆಕ್ಕ ಬರೋರಿಗೆ ಇಷ್ಟೂ ತಿಳಿಯಲ್ವಾ? ಆ ಪಾತ್ರ ನಂಬಕ್ಕಾಗಲ್ಲ, ತೆಗ್ದಾಕಿ.' ಓದುಗರ ಮಾತಿಗೆ ಬೆಲೆ ಕೊಡಬೇಕೆಂದು ತಾವೇ ಹೇಳಿಕೊಟ್ಟಿದ್ದೀರಿ. ತೆಗೆದುಹಾಕಿದ್ದೇನೆ.